ವಾಪಸು ಬರುತ್ತೇನೆಂದು ಬರೆದುಕೊಡಿ

ನಮ್ಮ ಅಕ್ಕನಿಗೆ ವೀಸಾ ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂಬುದಕ್ಕಿಂತ, ಸುದ್ದಿ ಗೊತ್ತಾದ ಮೇಲೆ ನಮ್ಮವರೇ ಆಡಿದ ಮಾತುಗಳಿಂದ ನನಗೆ ಹೆಚ್ಚು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಸಂಪಾದಕರು ಹೆಚ್ಚು ಕತ್ತರಿ ಆಡಿಸದೆ ಹಾಕಿದರೆ ಉಪಕಾರ.

ಅಕ್ಕನಿಗೆ ಅರವತ್ಮೂರು. ಧಾರವಾಡದಿಂದ ಮದುವೆಯಾಗಿ ಡೊಂಬಿವಿಲಿಗೆ ಬಂದು ನಾಲ್ಕು ದಶಕ ಆಯಿತು. ಭಾವ ರೈಲ್ವೆಯಲ್ಲಿದ್ದರು, ತೀರಿಕೊಂಡು ಎಂಟು ವರ್ಷ. ಫ್ಯಾಮಿಲಿ ಪೆನ್ಷನ್ ಬರುತ್ತದೆ, ಸ್ವಂತ ಫ್ಲ್ಯಾಟ್ ಇದೆ, ಜೊತೆಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಸುತ್ತಲಿನ ನಾಲ್ಕು ಸೊಸೈಟಿಗಳಿಗೆ ಕೊಡುತ್ತಾಳೆ. ಒಬ್ಬಳೇ ಮಗಳು. ಅವಳೂ ಗಂಡನೂ ಯುರೋಪಿನ ಒಂದು ದೇಶದಲ್ಲಿ ಕೆಲಸದಲ್ಲಿದ್ದಾರೆ. ಚೊಚ್ಚಲ ಬಸಿರು. ಬಾಣಂತನಕ್ಕೆ ತಾಯಿ ಹೋಗಬೇಕು, ಅಷ್ಟೇ ವಿಷಯ. ಕೇಳಿದ್ದು ಅರವತ್ತು ದಿನ. ಷೆಂಗೆನ್ ಅಲ್ಪಾವಧಿ ವೀಸಾದ ಮೇಲೆ 180 ದಿನಗಳಲ್ಲಿ 90 ದಿನ ಇರಬಹುದು. ನಾವು ಅಷ್ಟನ್ನೂ ಕೇಳಿರಲಿಲ್ಲ.

ಕಾಗದಪತ್ರ ಒಟ್ಟು ಮಾಡಿದ್ದು ನಾನು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದವನು, ಕಾಗದಕ್ಕೆ ಹೆದರುವವನಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿ, ಪೆನ್ಷನ್ ಪುಸ್ತಕ, ಐಟಿ ರಿಟರ್ನ್, ಫ್ಲ್ಯಾಟಿನ ಅಗ್ರಿಮೆಂಟ್, ಸೊಸೈಟಿಯ ಷೇರು ಪತ್ರ, ಮಗಳ ಆಮಂತ್ರಣ, ಅಳಿಯನ ಸಂಬಳದ ಚೀಟಿ, ಆಸ್ಪತ್ರೆಯ ಪತ್ರ, 30,000 ಯೂರೋ ಖರ್ಚು ಭರಿಸುವ ಟ್ರಾವೆಲ್ ಇನ್ಶೂರೆನ್ಸ್, ಹೋಗಿಬರುವ ಟಿಕೆಟ್ಟಿನ ಬುಕಿಂಗ್. ಎಲ್ಲ ಸೇರಿ ಒಂದು ಕಂತೆ. ಭಾವನ ಮರಣ ಪ್ರಮಾಣಪತ್ರವನ್ನೂ ಹಾಕಬೇಕಾಯಿತು. ಇನ್ನು ಕವರಿಂಗ್ ಲೆಟರ್. ಅದರಲ್ಲಿ 'ನಾನು ವೀಸಾ ಅವಧಿ ಮುಗಿಯುವ ಮೊದಲು ಭಾರತಕ್ಕೆ ವಾಪಸು ಬರುತ್ತೇನೆ' ಎಂದು ಬರೆದು ಅಕ್ಕನಿಗೆ ಓದಿ ಹೇಳಿದೆ. ಅವಳು ಸಹಿ ಹಾಕಲು ಹಿಡಿದ ಪೆನ್ನನ್ನು ಕೆಳಗಿಟ್ಟಳು.

"ಯಾಕೋ ತಮ್ಮಾ, ಅಲ್ಲೇ ಇರ್ತೀನಿ ಅಂತ ನಾ ಯಾವಾಗ ಅಂದೆ?"

"ನೀ ಅಂದಿಲ್ಲ. ಅವರಿಗೆ ಸಂಶಯ ಇರ್ತದ."

"ಸಂಶಯ ಅವರಿಗೆ ಇದ್ರ, ಬರಕೊಡೋದು ನಾ ಯಾಕ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಎಲ್ಲಾರೂ ಬರಕೊಡ್ತಾರ, ಸಹಿ ಹಾಕು" ಎಂದೆ. ಹಾಕಿದಳು.

ಅರ್ಜಿ ಕೊಡುವ ದಿನ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ನಿಂತುಕೊಂಡೇ ಹೋದೆವು. ಅರ್ಜಿ ತೆಗೆದುಕೊಳ್ಳುವುದು ರಾಯಭಾರ ಕಚೇರಿಯಲ್ಲ, ಹೊರಗುತ್ತಿಗೆ ಪಡೆದ ಕಂಪನಿ. ಅಲ್ಲಿ ಜೆರಾಕ್ಸಿಗೆ ಬೇರೆ ದರ, ಎಸ್ಎಮ್ಎಸ್‌ಗೆ ಬೇರೆ, ಕೊರಿಯರಿಗೆ ಬೇರೆ, ಮೆತ್ತನೆ ಸೋಫಾದ ಮೇಲೆ ಕೂಡಬೇಕೆಂದರೆ ಅದಕ್ಕೂ ಬೇರೆ. ನಾವು ಪ್ಲಾಸ್ಟಿಕ್ ಕುರ್ಚಿಯವರು. ಬೆರಳಚ್ಚಿನ ಯಂತ್ರ ಅಕ್ಕನ ಬೆರಳನ್ನು ಗುರುತು ಹಿಡಿಯಲಿಲ್ಲ. ಮೂರು ಸಲ, ನಾಲ್ಕು ಸಲ ಒತ್ತಿಸಿದರು. ನಲವತ್ತು ವರ್ಷ ಹಿಟ್ಟು ನಾದಿ, ರೊಟ್ಟಿ ಬಡಿದು, ಪಾತ್ರೆ ತಿಕ್ಕಿದ ಕೈ. ಗೆರೆ ಎಲ್ಲಿ ಉಳಿದಿರುತ್ತದೆ? ಆ ಹುಡುಗಿ ಪಾಪ ಒಳ್ಳೆಯವಳು, ಒದ್ದೆ ಟಿಶ್ಯೂ ಕೊಟ್ಟು "ಆಜೀ, ಜರಾ ದಾಬೂನ್ ಠೇವಾ" ಎಂದಳು. ಕೊನೆಗೆ ಬಂತು.

ಹದಿನೆಂಟನೇ ದಿನ ಪಾಸ್‌ಪೋರ್ಟ್ ಬಂತು. ಒಳಗೆ ಒಂದು ಹಾಳೆ. ಅಚ್ಚು ಹಾಕಿದ ಕಾರಣಗಳ ಪಟ್ಟಿ, ಅದರಲ್ಲಿ ಒಂದರ ಮುಂದೆ ಗುರುತು: ವೀಸಾ ಮುಗಿಯುವ ಮೊದಲು ನೀವು ಹಿಂದಿರುಗುವ ಉದ್ದೇಶದ ಬಗ್ಗೆ ಸಕಾರಣ ಸಂಶಯಗಳಿವೆ. ಯಾವ ಕಾರಣ? ಆ ಹಾಳೆಯಲ್ಲಿ ಅದೊಂದೇ ಇಲ್ಲ.

ಈಗ ನಮ್ಮವರ ಮಾತಿಗೆ ಬರುತ್ತೇನೆ. ಸಂಘದ ಭಾನುವಾರದ ಸಭೆಯಲ್ಲಿ ವಿಷಯ ಬಂತು. ಒಬ್ಬರು, "ಪೇಪರ್ ಸರಿ ಇರಲಿಕ್ಕಿಲ್ಲ ಬಿಡ್ರಿ" ಎಂದರು. ಇನ್ನೊಬ್ಬರು, "ವಿಧವೆಯರಿಗೆ ಕೊಡೋದು ಕಷ್ಟ, ಹಿಂದ ಎಳಿಯೋವ್ರು ಯಾರೂ ಇರೂದಿಲ್ಲಲ್ಲ" ಎಂದರು, ಹವಾಮಾನ ಹೇಳಿದ ಹಾಗೆ. ಮೂರನೆಯವರು ಒಬ್ಬ ಏಜೆಂಟನ ನಂಬರು ಕೊಟ್ಟರು: ಖಾತೆಗೆ ಎರಡು ತಿಂಗಳು ಮೊದಲೇ ದುಡ್ಡು ಹಾಕಿಸುತ್ತಾನೆ, ಹೋಟೆಲ್ ಬುಕಿಂಗ್ ಮಾಡಿ ಆಮೇಲೆ ಕ್ಯಾನ್ಸಲ್ ಮಾಡಿಸುತ್ತಾನೆ, 'ಬಾಣಂತನ ಅಂತ ಬರೀಬ್ಯಾಡ್ರಿ, ಟೂರಿಸಂ ಅಂತ ಬರೀರಿ' ಎಂದು ಹೇಳಿಕೊಡುತ್ತಾನೆ. ನಿಜ ಬರೆದವಳಿಗೆ ಸಂಶಯದ ಗುರುತು, ಸುಳ್ಳು ಬರೆಸುವವನಿಗೆ ಸಂಘದಲ್ಲಿ ಶಿಫಾರಸು! ನಾಲ್ಕನೆಯವರು ಹೈದರಾಬಾದಿನಲ್ಲಿ ಮಗನ ಮನೆಯಲ್ಲಿದ್ದು ಬಂದವರು. ಚಿಲ್ಕೂರಿಗೆ ಹೋಗಿ ವೀಸಾ ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿ, ಕೆಲಸವಾದ ಮೇಲೆ ನೂರಾ ಎಂಟು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಗುಡಿಯಲ್ಲಿ ಹುಂಡಿಯೇ ಇಲ್ಲ. ಕೆಲಸ ಆಗದಿದ್ದರೂ ದುಡ್ಡು ಇಟ್ಟುಕೊಳ್ಳುವ ಪದ್ಧತಿ ದೇವರದ್ದಲ್ಲ.

ದುಡ್ಡಿನ ಲೆಕ್ಕ ನೋಡಿ. 2020ರ ಫೆಬ್ರವರಿಯವರೆಗೆ ವಯಸ್ಕರ ಷೆಂಗೆನ್ ಶುಲ್ಕ 60 ಯೂರೋ ಇತ್ತು. ಆಮೇಲೆ 80 ಆಯಿತು, 2024ರ ಜೂನ್ 11ರಿಂದ 90. ನಮ್ಮ ರೂಪಾಯಿಯಲ್ಲಿ ಎಂಟೊಂಬತ್ತು ಸಾವಿರ. ಕಂಪನಿಯ ಸೇವಾ ಶುಲ್ಕ ಪ್ರತ್ಯೇಕ. ನಿರಾಕರಿಸಿದರೆ ಒಂದು ಪೈಸೆಯೂ ಹಿಂದಕ್ಕಿಲ್ಲ. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಅರ್ಜಿ ಹೋಗಿದ್ದವು, ಒಂದೂವರೆ ಲಕ್ಷಕ್ಕೂ ಹೆಚ್ಚು ನಿರಾಕರಣೆಯಾದವು. ಇದು ಯುರೋಪಿಯನ್ ಕಮಿಷನ್ನೇ ಪ್ರಕಟಿಸಿದ ಅಂಕಿ. ಸುಮಾರು ಏಳರಲ್ಲಿ ಒಂದು. ಶುಲ್ಕದಿಂದ ಗುಣಿಸಿ ನೋಡಿ, ವರ್ಷಕ್ಕೆ ನೂರು ಕೋಟಿ ರೂಪಾಯಿ ದಾಟುತ್ತದೆ. ಇಲ್ಲ ಎನ್ನಿಸಿಕೊಳ್ಳಲು ನಾವು ಕೊಟ್ಟ ದುಡ್ಡು ಇದು. ನಮ್ಮ ಬ್ಯಾಂಕಿನಲ್ಲಿ ಸಾಲದ ಅರ್ಜಿಗೆ ಪ್ರೊಸೆಸಿಂಗ್ ಫೀ ತೆಗೆದುಕೊಂಡು, ಸಾಲ ಕೊಡದೆ, ಕಾರಣವನ್ನೂ ಹೇಳದೆ ಇದ್ದಿದ್ದರೆ ಗಿರಾಕಿ ಮ್ಯಾನೇಜರನ ಕೊರಳಪಟ್ಟಿ ಹಿಡಿಯುತ್ತಿದ್ದ.

ಎದುರು ವಾದ ನನಗೆ ಗೊತ್ತಿಲ್ಲವೆಂದಲ್ಲ. ಯಾವ ದೇಶಕ್ಕಾದರೂ ತನ್ನ ಬಾಗಿಲು ತನ್ನದು. ಹೋದವರಲ್ಲಿ ಕೆಲವರು ಉಳಿದುಬಿಡುತ್ತಾರೆ, ಅದೂ ನಿಜ. ನಮ್ಮ ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಸೇರಿದೆ ಎಂದು ಹೇಳಿತು. ಪಾಸ್‌ಪೋರ್ಟ್ ಕಾಯಿದೆ ಬಂದದ್ದು ಅದರ ನಂತರವೇ. ವಿಶ್ವಸಂಸ್ಥೆಯ ಮಾನವ ಹಕ್ಕು ಘೋಷಣೆಯ 13ನೇ ವಿಧಿ ಯಾವ ದೇಶವನ್ನಾದರೂ ಬಿಟ್ಟು ಹೊರಡುವ, ಸ್ವದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತದೆ. ಹೊರಡಬಹುದು, ಮರಳಬಹುದು. ನಡುವೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ. ಸರಿ, ಒಪ್ಪಿದೆ. ಬಾಗಿಲು ಹಾಕಿಕೊಳ್ಳುವ ಹಕ್ಕಿನ ತಕರಾರು ನನ್ನದಲ್ಲ. ಟಿಕೆಟ್ ಮಾರಿದ ಮೇಲೆ ಬಾಗಿಲು ಹಾಕಿ, ಯಾಕೆಂದು ಕೇಳಿದರೆ ಗೋಡೆಗೆ ಬೆರಳು ತೋರಿಸುವುದರ ಬಗ್ಗೆ ನನ್ನ ತಕರಾರು.

ಉದ್ದೇಶವನ್ನು ಸಾಬೀತು ಮಾಡಿ ಎನ್ನುವುದೇ ವಿಚಿತ್ರ ಬೇಡಿಕೆ. ಆದದ್ದಕ್ಕೆ ಸಾಕ್ಷಿ ಇರುತ್ತದೆ, ಆಗಬೇಕಾದ್ದಕ್ಕೆ ಎಲ್ಲಿಂದ ತರುವುದು? ಹಾಗಾಗಿ ಅವರು ಅಂದಾಜು ಮಾಡುತ್ತಾರೆ: ನೌಕರಿ ಇದೆಯೆ, ಗಂಡನೋ ಹೆಂಡತಿಯೋ ಇಲ್ಲಿ ಉಳಿಯುತ್ತಾರೆಯೆ, ಚಿಕ್ಕ ಮಕ್ಕಳಿದ್ದಾರೆಯೆ, ಮೊದಲು ಹೋಗಿಬಂದದ್ದಿದೆಯೆ. ಈ ಜರಡಿಯಲ್ಲಿ ಯಾರು ಕೆಳಗೆ ಬೀಳುತ್ತಾರೆ ನೋಡಿ. ನಿವೃತ್ತರು, ವಿಧವೆಯರು, ಮದುವೆಯಾಗದ ತರುಣ ತರುಣಿಯರು, ಮನೆಯಲ್ಲೇ ದುಡಿಯುವ ಹೆಂಗಸರು, ಮೊದಲ ಸಲ ಹೊರಟವರು. 2024ರ ಏಪ್ರಿಲಿನಲ್ಲಿ ಭಾರತೀಯರಿಗೆಂದು ಒಂದು ರಿಯಾಯಿತಿ ಬಂತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ ಸಿಗುವ ಅವಕಾಶ. ಪತ್ರಿಕೆಗಳು ಸಂಭ್ರಮದಿಂದ ಬರೆದವು. ಈಗಾಗಲೇ ಒಳಗೆ ಹೋಗಿಬಂದವರಿಗೆ ಬಾಗಿಲು ಅಗಲವಾಯಿತು, ಒಳ್ಳೆಯದೇ. ಮೊದಲ ಸಲದವಳು ಹೊಸ್ತಿಲ ಹೊರಗೇ ಇದ್ದಾಳೆ.

ಯುರೋಪಿನ ನ್ಯಾಯಾಲಯ 2013ರ ಡಿಸೆಂಬರಿನಲ್ಲಿ ಇರಾನಿನ ಪ್ರಜೆಯೊಬ್ಬರ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತ್ತು. ವೀಸಾ ಸಂಹಿತೆಯಲ್ಲಿ ಪಟ್ಟಿ ಮಾಡಿದ ಕಾರಣಗಳನ್ನು ಬಿಟ್ಟು ಬೇರೆ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು. ಕೇಳಲು ಚೆನ್ನಾಗಿದೆ. ಜೊತೆಗೆ, ಹಿಂದಿರುಗುತ್ತಾರೋ ಇಲ್ಲವೋ ಎಂಬುದು ಖಚಿತವಾಗಬೇಕಿಲ್ಲ, ಸಕಾರಣ ಸಂಶಯವಿದ್ದರೆ ಸಾಕು ಎಂದೂ ಹೇಳಿತು. ಇನ್ನು ಮೇಲ್ಮನವಿ. ಸಂಹಿತೆಯಲ್ಲಿ ಆ ಹಕ್ಕಿದೆ, ಆದರೆ ವೀಸಾ ನಿರಾಕರಿಸಿದ ದೇಶದ ಕಾನೂನಿನ ಪ್ರಕಾರ, ಅಲ್ಲಿನ ರೀತಿಯಲ್ಲಿ. ಜರ್ಮನಿಯಲ್ಲಿ ಪತ್ರ ಬರೆದು ಮರುಪರಿಶೀಲನೆ ಕೇಳುವ ಸುಲಭದ ದಾರಿಯೊಂದಿತ್ತು. 2025ರ ಜುಲೈ 1ರಿಂದ ಅದನ್ನು ಮುಚ್ಚಿದರು. ಉಳಿದದ್ದು ಹೊಸ ಅರ್ಜಿ, ಇಲ್ಲವೇ ಬರ್ಲಿನಿನ ಕೋರ್ಟು. ಅಕ್ಕ ಅರ್ಜಿ ಹಾಕಿದ್ದು ಆ ದೇಶಕ್ಕಲ್ಲ, ಆದರೆ ಚಟ್ನಿಪುಡಿ ಮಾರುವವಳಿಗೆ ಯಾವ ದೇಶದ ಕೋರ್ಟಾದರೇನು?

ಉಳಿದುಬಿಡುತ್ತಾರೆ ಎಂಬ ಭಯಕ್ಕೆ ಈಗ ಅವರ ಬಳಿಯೇ ಯಂತ್ರವಿದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಒಳಬಂದವರ, ಹೊರಹೋದವರ ಮುಖ, ಬೆರಳು, ದಿನಾಂಕ ಎಲ್ಲ ಕಂಪ್ಯೂಟರಿನಲ್ಲಿ ದಾಖಲಾಗುವ ವ್ಯವಸ್ಥೆ ಶುರುವಾಗಿದೆ. ಯಾರು ಅವಧಿ ಮೀರಿ ಉಳಿದರು ಎಂಬುದು ಹೆಸರು ಸಮೇತ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ತಪ್ಪು ಮಾಡಿದವರನ್ನು ಹಿಡಿಯಲಿ. ಮಾಡದವರ ಮನಸ್ಸನ್ನು ಊಹಿಸಿ, ಊಹೆಗೆ ಶುಲ್ಕ ತೆಗೆದುಕೊಳ್ಳುವುದನ್ನು ಬಿಡಲಿ.

ಇದೆಲ್ಲ ಅನಾದಿಯಿಂದ ಬಂದದ್ದು ಎಂದು ತಿಳಿದವರಿಗೆ ಒಂದು ಮಾತು. ಆಸ್ಟ್ರಿಯಾದ ಲೇಖಕ ಸ್ಟೀಫನ್ ಜ್ವೈಗ್ ತನ್ನ 'ನಿನ್ನೆಯ ಜಗತ್ತು' ಎಂಬ ಆತ್ಮಕಥೆಯಲ್ಲಿ, 1914ಕ್ಕೆ ಮೊದಲು ತಾನು ಪಾಸ್‌ಪೋರ್ಟೇ ಇಲ್ಲದೆ ಭಾರತಕ್ಕೂ ಅಮೆರಿಕಕ್ಕೂ ಹೋಗಿಬಂದದ್ದನ್ನು ನೆನೆದಿದ್ದಾನೆ. ಯುದ್ಧಕಾಲದಲ್ಲಿ ಬಂದ ಕಾಗದ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮ್ಮೇಳನ ಪಾಸ್‌ಪೋರ್ಟ್ ಪುಸ್ತಕಕ್ಕೆ ಒಂದು ಮಾದರಿ ಮಾಡಿಕೊಟ್ಟಿತು, ಜೊತೆಗೆ ಮುಂದೊಂದು ದಿನ ಈ ನಿರ್ಬಂಧಗಳು ಪೂರ್ತಿ ಹೋಗಲಿ ಎಂದೂ ಆಶಿಸಿತು. ಆಶೆಗೆ ನೂರು ವರ್ಷ ದಾಟಿದೆ. ಆ ಹಳೆಯ ಸ್ವಾತಂತ್ರ್ಯ ಎಲ್ಲರದ್ದೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಜ್ವೈಗ್ ನೆನೆಯುವ ಅದೇ ಕಾಲದಲ್ಲಿ, 1914ರಲ್ಲಿ, ಕೊಮಗಾಟಾ ಮಾರು ಹಡಗಿನಲ್ಲಿ ಹೋದ ನಮ್ಮ ಪಂಜಾಬಿಗಳನ್ನು ಕೆನಡಾ ವ್ಯಾಂಕೂವರಿನಿಂದ ಹಿಂದಕ್ಕೆ ಕಳಿಸಿತು.

ಇನ್ನು ನಾವು, ಮುಂಬಯಿ ಕನ್ನಡಿಗರು. ನಮ್ಮ ಹಿರಿಯರು ಹೇಗೆ ಬಂದರು? ಮಂಗಳೂರಿನಿಂದ ಹಡಗು ಹತ್ತಿ, ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದ ಹುಡುಗರ ಕೈಯಲ್ಲಿ ಏನಿತ್ತು? ಬ್ಯಾಂಕ್ ಖಾತೆ ಇಲ್ಲ, ಹಿಂದಿರುಗುವ ಟಿಕೆಟ್ ಇಲ್ಲ, ಹೋಟೆಲಿನ ಬೆಂಚಿನ ಮೇಲೆ ಮಲಗುವುದಕ್ಕೆ ಮಾವನೊಬ್ಬನ ವಿಳಾಸ. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ವಾಪಸು ಹೋಗುವ ಉದ್ದೇಶ? ಎಲ್ಲರಿಗೂ ಇತ್ತು, ಎಷ್ಟು ಮಂದಿ ಹೋದರು ಎಂದು ನಮ್ಮನ್ನೇ ಕೇಳಿಕೊಳ್ಳೋಣ. ದಾದರ್ ಸ್ಟೇಷನ್ನಿನಲ್ಲಿ ಯಾರಾದರೂ ಈ ಷೆಂಗೆನ್ ಹಾಳೆ ಹಿಡಿದು ನಿಂತಿದ್ದರೆ ನಮ್ಮಲ್ಲಿ ಒಬ್ಬನೂ ಒಳಗೆ ಬರುತ್ತಿರಲಿಲ್ಲ. ಅರವತ್ತರ ದಶಕದಲ್ಲಿ 'ಮದ್ರಾಸಿ'ಗಳನ್ನು ಓಡಿಸಬೇಕೆಂಬ ಕೂಗು ಎದ್ದಾಗ ನಮ್ಮ ಹೋಟೆಲುಗಳ ಗಾಜು ಒಡೆದದ್ದನ್ನು ಕಂಡವರು ಇನ್ನೂ ಇದ್ದಾರೆ. ಆ ವಂಶದವರು ಇವತ್ತು ಒಬ್ಬ ವಿಧವೆಯನ್ನು ಕುರಿತು "ಹಿಂದ ಎಳಿಯೋವ್ರು ಯಾರೂ ಇಲ್ಲ" ಎನ್ನುತ್ತಾರೆ! ಅವಳ ರೊಟ್ಟಿ ತಿಂದು ಬೆಳೆದ ನಾಲ್ಕು ಸೊಸೈಟಿ ಲೆಕ್ಕಕ್ಕಿಲ್ಲವೆ?

ನಮ್ಮ ಸಂಘಗಳು ಯುರೋಪ್ ಟೂರ್ ಮುಗಿಸಿ ಬಂದವರಿಗೆ ವೇದಿಕೆ ಹತ್ತಿಸಿ ಅನುಭವ ಹೇಳಿಸುತ್ತವೆ, ಶಾಲು ಹೊದಿಸುತ್ತವೆ. ಆಗಲಿ. ನಿರಾಕರಣೆಯಾದವರು ಮಾತ್ರ ಅದನ್ನು ಮೈಮೇಲಿನ ತೊನ್ನಿನ ಹಾಗೆ ಮುಚ್ಚಿಕೊಂಡು ತಿರುಗುತ್ತಾರೆ, ಯಾಕೆಂದರೆ ಹೇಳಿದರೆ 'ಪೇಪರ್ ಸರಿ ಇರಲಿಕ್ಕಿಲ್ಲ' ಎಂಬ ಉತ್ತರ ಸಿದ್ಧವಿದೆ. ನಮ್ಮಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಯುರೋಪಿನ ಭಾಷೆಗಳನ್ನು ಕಲಿತ ಮಕ್ಕಳಿದ್ದಾರೆ. ತಿಂಗಳಿಗೊಂದು ಭಾನುವಾರ ಕೂತು ಮೇಲ್ಮನವಿ ಬರೆದುಕೊಡುವುದು ಎಷ್ಟು ದೊಡ್ಡ ಕೆಲಸ? ಸಂಸದರಿಗೆ ಕೊಡುವ ಮನವಿಯಲ್ಲಿ ಹೊಸ ರೈಲು ಬೇಕು ಎಂಬುದರ ಕೆಳಗೆ ಇನ್ನೆರಡು ಸಾಲು ಸೇರಿಸಬಹುದು: ನಿರಾಕರಿಸಿದರೆ ಅರ್ಧ ಶುಲ್ಕವಾದರೂ ಹಿಂದಿರುಗಲಿ, ಕಾರಣವನ್ನು ಗುರುತಿನಲ್ಲಲ್ಲ, ವಾಕ್ಯದಲ್ಲಿ ಬರೆಯಲಿ. ಹತ್ತನೇ ಇಯತ್ತೆ ಪಾಸಾಗದ ನಮ್ಮ ಕಾರ್ಮಿಕರು ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗಲು ನಮ್ಮ ಸರಕಾರವೇ ಬೇರೆ ಅನುಮತಿ ಕೇಳುತ್ತದೆ, ಹಾಗಾಗಿ ಸಂಶಯ ಪಡುವುದರಲ್ಲಿ ದಿಲ್ಲಿಯೂ ಹಿಂದೆ ಬಿದ್ದಿಲ್ಲ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಮಗು ಹುಟ್ಟಿ ಐದು ವಾರವಾಯಿತು, ಹೆಣ್ಣು. ಎರೆಯುವುದು ಹೇಗೆಂದು ಅಕ್ಕ ಮೊಬೈಲಿನಲ್ಲೇ ಹೇಳಿಕೊಡುತ್ತಾಳೆ. ಅಲ್ಲಿ ಅಳಿಯ ನೀರು ಹೊಯ್ಯುತ್ತಾನೆ, ಇಲ್ಲಿ ಇವಳು "ಕಣ್ಣಾಗ ಹೋಗ್ತದೋ" ಎಂದು ಕೂಗುತ್ತಾಳೆ. ಅಂಟಿನ ಉಂಡಿ, ಅಳವಿ ಉಂಡಿ ಮಾಡಿಟ್ಟದ್ದು ಆ ಕಡೆ ಹೋಗುವ ಯಾರದೋ ಸೂಟ್‌ಕೇಸಿನಲ್ಲಿ ಎರಡು ಕಿಲೋ ಹೋಯಿತು. ಉಳಿದದ್ದನ್ನು ನಾವೇ ತಿನ್ನುತ್ತಿದ್ದೇವೆ.

ಎರಡನೇ ಅರ್ಜಿಗೆ ಮುಂದಿನ ತಿಂಗಳ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಮತ್ತೆ ತೊಂಬತ್ತು ಯೂರೋ. ಈ ಸಲವೂ 'ಬಾಣಂತನ' ಎಂದೇ ಬರೆಯುತ್ತೇವೆ. ಅಂಥ ನಿರಾಕರಣೆ ಹಾಳೆ ನಿಮ್ಮ ಮನೆಯ ಕಪಾಟಿನಲ್ಲೂ ಇದ್ದರೆ, ಹೆಸರು ಮತ್ತು ಪಾಸ್‌ಪೋರ್ಟ್ ನಂಬರು ಮುಚ್ಚಿ, ಒಂದು ಪ್ರತಿಯನ್ನು ಸಂಪಾದಕರಿಗೆ ಕಳಿಸಿ.