ಲಾಠಿ ತಿಂದವರೊಬ್ಬರು, ಫಲ ಉಂಡವರೊಬ್ಬರು

ಅರೇಹಳ್ಳಿಯ ಅಂಗಡಿಸಾಲಿನಲ್ಲಿ ಮಂಗಳಮುಖಿಯೊಬ್ಬಳು ಕೈ ತಟ್ಟಿ ನಿಂತರೆ ವ್ಯಾಪಾರಿ ಏನು ಮಾಡುತ್ತಾನೆ? ಗಲ್ಲಾಪೆಟ್ಟಿಗೆಯಿಂದ ಹತ್ತು ರೂಪಾಯಿ ತೆಗೆದು ಕೊಡುತ್ತಾನೆ, ಒಳ್ಳೆಯದಾಗಲೆಂದು ಆಶೀರ್ವಾದವನ್ನೂ ಬೇಡುತ್ತಾನೆ. ಅದೇ ಕೈ ಮರುದಿನ ಕೆಲಸ ಕೇಳಿದರೆ? "ಇವರು ದುಡಿದು ತಿನ್ನುವ ಜನವಲ್ಲ" ಎನ್ನುತ್ತಾನೆ. ಕೆಲಸ ಕೊಡದವನೇ ಸೋಮಾರಿಯೆಂದು ಜರೆಯುವುದು ಯಾವ ನ್ಯಾಯ, ಬಂಧುಗಳೇ?

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಉತ್ತರ ಹಿಂದೂಸ್ಥಾನದ ಹಿಜಡಾಗಳ ಹೆಸರನ್ನು ಪೊಲೀಸು ರಿಜಿಸ್ಟರಿಗೆ ಸೇರಿಸಿದರು. ಬ್ರಿಟಿಷರು ತೊಲಗಿದರು, ಬುದ್ಧಿ ತೊಲಗಲಿಲ್ಲ. 2011ರಲ್ಲಿ ನಮ್ಮದೇ ಸರ್ಕಾರ ಕರ್ನಾಟಕ ಪೊಲೀಸು ಕಾಯ್ದೆಗೆ 36-ಎ ಕಲಮು ಸೇರಿಸಿ ಅದೇ ರಿಜಿಸ್ಟರನ್ನು ಮತ್ತೆ ತೆರೆಯಹೊರಟಿತು. ಮಂಗಳಮುಖಿಯರು ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲಷ್ಟೇ ಆ ಕಲಮಿನಿಂದ ಅವರನ್ನು ಗುರಿಯಾಗಿಸಿದ ಪದ ಹೋಯಿತು.

ಲೈಂಗಿಕ ಅಲ್ಪಸಂಖ್ಯಾತರೆಂಬ ಬಳಗ ದೊಡ್ಡದು. ಗಂಡನ್ನು ಒಲಿದ ಗಂಡು, ಹೆಣ್ಣನ್ನು ಒಲಿದ ಹೆಣ್ಣು, ಎಲ್ಲರೂ ಅದರಲ್ಲಿದ್ದಾರೆ. ಅವರ ಸಂಕಟವೂ ಸಣ್ಣದಲ್ಲ. ಆದರೆ ಅವರಲ್ಲಿ ಹಲವರಿಗೆ ಬಾಗಿಲು ಮುಚ್ಚಿ ಬದುಕುವ ದಾರಿಯಾದರೂ ಇತ್ತು. ಸೀರೆಯುಟ್ಟು ಬೀದಿಗೆ ಬಂದ ಮಂಗಳಮುಖಿಗೆ ಅಡಗುವ ಜಾಗವೆಲ್ಲಿ? ಲಾಠಿ ಮೊದಲು ಬಿದ್ದದ್ದು ಅವಳ ಬೆನ್ನಿಗೆ. ಬೆಂಗಳೂರಿನ ಬೀದಿಗಳಲ್ಲಿ ಅವರು ಉಂಡ ನೋವನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿ.ಯು.ಸಿ.ಎಲ್. 2003ರಲ್ಲೇ ವರದಿಯಾಗಿ ಬರೆದಿಟ್ಟಿದೆ. 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅಕ್ಕೈ ಪದ್ಮಶಾಲಿಯವರೂ ಇದ್ದರು. 6-9-2018ರಂದು ತೀರ್ಪು ಬಂತು, ಇಡೀ ಬಳಗಕ್ಕೆ ಬಿಡುಗಡೆಯಾಯಿತು.

ಆಮೇಲೆ ಆದದ್ದೇನು? ಇಂಗ್ಲಿಷು ಬಲ್ಲವರಿಗೆ ದೊಡ್ಡ ಕಂಪನಿಗಳ ಬಾಗಿಲು ಅಷ್ಟಿಷ್ಟು ತೆರೆಯಿತು. ಬೀದಿಯವಳು ಬೀದಿಯಲ್ಲೇ ಉಳಿದಳು. 2019ರಲ್ಲಿ ಪಾರ್ಲಿಮೆಂಟು "ಹಕ್ಕುಗಳ ರಕ್ಷಣೆ" ಎಂದು ಕಾಯ್ದೆ ಮಾಡಿತು. ಅವಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅದು ಗೊತ್ತುಮಾಡಿದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಆಗ ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷವಿತ್ತು. ಇವಳ ಮಾನಕ್ಕೆ ಬೆಲೆ ಕಡಿಮೆಯೇ?

2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು, ಒಪ್ಪೋಣ. ಆದರೆ ಸರ್ಕಾರಿ ನೌಕರಿಗೆ ಓದು ಬೇಕು. ಹದಿನಾಲ್ಕಕ್ಕೇ ಮನೆಯಿಂದ ಹೊರದೂಡಿಸಿಕೊಂಡ ಮಗುವಿಗೆ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಆ ಮೀಸಲಾತಿ ಖಾಸಗಿ ಗಿರಣಿಗೆ, ಕಾಫಿ ಕ್ಯೂರಿಂಗ್ ಶೆಡ್ಡಿಗೆ ಬರಲಿಲ್ಲ.

ಗಿರಣಿಯ ಕಾರ್ಮಿಕ ಬಂಧುಗಳೇ, "ಇವನು ನಮ್ಮವನಲ್ಲ" ಎನ್ನುವ ಮಾತು ಯಾರ ಲಾಭಕ್ಕೆಂದು ನಿಮಗೆ ಹೇಳಿಕೊಡಬೇಕಿಲ್ಲ. ಕೂಲಿ ಇಳಿಸಬೇಕಾದಾಗಲೆಲ್ಲ ಧಣಿ ಆಡಿದ ಮಾತೇ ಅದು. ನಿಮ್ಮ ಸಂಘದ ಸದಸ್ಯತ್ವದ ಪುಸ್ತಕದಲ್ಲಿ ಮಂಗಳಮುಖಿಗೂ ಒಂದು ಹಾಳೆ ಇರಲಿ. ಅವಳಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಕೇಳಿ.

ವ್ಯಾಪಾರಿ ಮಿತ್ರರೇ, ನಿಮ್ಮ ಹತ್ತು ರೂಪಾಯಿ ನಿಮ್ಮಲ್ಲೇ ಇರಲಿ. ತಕ್ಕಡಿ ಹಿಡಿಯುವ ಕೆಲಸ ಕೊಡಿ, ಬಾಡಿಗೆಗೆ ಒಂದು ಕೋಣೆ ಕೊಡಿ. ಅವಳು ಕೇಳುತ್ತಿರುವುದು ಭಿಕ್ಷೆಯಲ್ಲ, ಬಾಕಿ.