ರೋಧಕವೆಂಬ ಪದ ಮತ್ತು ನಮ್ಮ ಮಕ್ಕಳ ಸುರಕ್ಷತೆ



ಕನ್ನಡ ಮಾಧ್ಯಮದ ಪರವಾಗಿ ಮಾತನಾಡುವಾಗ ನಾವು ಸಾಹಿತ್ಯ, ಯಕ್ಷಗಾನ, ಹಬ್ಬಹರಿದಿನಗಳ ಬಳಿಗೆ ಬೇಗನೆ ತಲುಪುತ್ತೇವೆ. ವಿಜ್ಞಾನದ ಮಾತು ಬಂದೊಡನೆ ಮಾತ್ರ ನಮ್ಮ ಧ್ವನಿ ತಗ್ಗುತ್ತದೆ. "ಭಾಷೆಯೇನೋ ಉಳಿಯಲಿ, ಆದರೆ ಎಲೆಕ್ಟ್ರಾನಿಕ್ಸನ್ನು ಕನ್ನಡದಲ್ಲಿ ಕಲಿತು ಪ್ರಯೋಜನವೇನು?" ಎಂಬ ಪ್ರಶ್ನೆಯನ್ನು ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ಎಲ್ಲ ಕಡೆಯ ಹೆತ್ತವರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು; ಅದಕ್ಕೆ ಅಭಿಮಾನದ ಉತ್ತರ ಸಾಲದು. ಆದುದರಿಂದ ಅಕ್ಕಿಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ವಿಚಾರಿಸೋಣ. ಅದರ ಹೆಸರು ಸ್ಥಿರ ರೋಧಕ. ಅಂಗಡಿಯವರ ಮಾತಿನಲ್ಲಿ ರೆಸಿಸ್ಟರ್.

ನನ್ನ ನಿಲುವು ಇಷ್ಟು: ಮಗು ಈ ಪಾಠವನ್ನು ಮೊದಲು ತನಗೆ ಅರ್ಥವಾಗುವ ಭಾಷೆಯಲ್ಲಿ ಕಲಿಯಬೇಕು, ಇಂಗ್ಲಿಷಿನ ಹಾಗೂ ರಾಜ್ಯಭಾಷೆಯ ಪದಗಳನ್ನು ಅದರ ಪಕ್ಕದಲ್ಲಿಯೇ ಕಲಿಯಬೇಕು. ಇದು ಭಾಷಾಭಿಮಾನಕ್ಕಿಂತ ಮಿಗಿಲಾಗಿ ಸುರಕ್ಷತೆಯ ವಿಷಯ. ಕೇರಳದ ಪ್ರೌಢಶಾಲೆಗಳಿಗೆ ಲಿಟಲ್ ಕೈಟ್ಸ್ ಘಟಕಗಳ ಮೂಲಕ ಆರ್ಡುಯಿನೊ ಕಿಟ್ಟುಗಳು ಬಂದಿವೆ. ಬೇರೆ ರಾಜ್ಯಗಳಲ್ಲಿಯೂ ವಿಜ್ಞಾನ ಮೇಳದ ನೆಪದಲ್ಲಿ ಮಕ್ಕಳು ಎಲ್‌ಇಡಿ, ಬ್ಯಾಟರಿ, ತಂತಿಗಳನ್ನು ಮನೆಗೆ ತರುತ್ತಾರೆ. ಪಠ್ಯದಲ್ಲಿ ಓದಿದ್ದು ಅರ್ಥವಾಗದಿದ್ದರೆ ಅಂಕ ಹೋದೀತು. ಕೈಯಲ್ಲಿ ಹಿಡಿದದ್ದು ಅರ್ಥವಾಗದಿದ್ದರೆ ಕೈಯೇ ಸುಟ್ಟೀತು.

ವಿದ್ಯುತ್ ಪ್ರವಾಹವನ್ನು ಬೇಕಾದಷ್ಟಕ್ಕೆ ಮಿತಗೊಳಿಸುವುದು ರೋಧಕದ ಕೆಲಸ. ಹಾಗೆ ಮಿತಗೊಳಿಸುವ ಗುಣಕ್ಕೆ ರೋಧವೆಂದೂ, ಆ ಗುಣಕ್ಕಾಗಿಯೇ ತಯಾರಿಸಿದ ವಸ್ತುವಿಗೆ ರೋಧಕವೆಂದೂ ಹೆಸರು. ಬೆಲೆ ತಯಾರಿಕೆಯಲ್ಲಿಯೇ ನಿಗದಿಯಾಗಿದ್ದರೆ ಅದು ಸ್ಥಿರ ರೋಧಕ. ತಿರುಗಣೆಯಿಂದ ಬದಲಾಯಿಸುವಂತಿದ್ದರೆ ಅದು ಬದಲಾಗುವ ರೋಧಕ. ರೋಧವನ್ನು ಅಳೆಯುವ ಮಾನ ಓಮ್. ಒಂದು ಸಾವಿರ ಓಮ್ ಒಂದು ಕಿಲೋಓಮ್. ಹತ್ತು ಲಕ್ಷ ಓಮ್ ಒಂದು ಮೆಗಾಓಮ್. ಸರಣಿಯಲ್ಲಿ ಜೋಡಿಸಿದರೆ ರೋಧಗಳು ಕೂಡಿಕೊಳ್ಳುತ್ತವೆ. ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವು ಅವುಗಳಲ್ಲಿ ಅತಿ ಚಿಕ್ಕದಕ್ಕಿಂತಲೂ ಕಡಿಮೆಯಾಗುತ್ತದೆ.

ಈಗ ನೆರೆಭಾಷೆಗಳ ಕಡೆ ನೋಡಿ. ಮಲಯಾಳದಲ್ಲಿ ರೋಧಕ್ಕೆ ಪ್ರತಿರೋಧಂ ಎನ್ನುತ್ತಾರೆ, ಮರಾಠಿಯಲ್ಲಿ ರೋಧ, ತೆಲುಗಿನಲ್ಲಿ ನಿರೋಧಂ. ತಮಿಳಿನ ಮಿನ್‌ತಡೈ ಎಂಬ ಪದದೊಳಗೆ ನಮ್ಮ 'ತಡೆ'ಯೇ ಕುಳಿತಿದೆ. ತಾಳವಾಡಿಯ ಕನ್ನಡದ ಮಗುವಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ರಾಜ್ಯಭಾಷೆಯ ಪದವು ಪರಕೀಯವಾಗಿ ಉಳಿಯುವುದಿಲ್ಲ. ಆದರೆ ಎಲ್ಲ ಸಾಮ್ಯವೂ ಉಪಕಾರಿಯಲ್ಲ. ತೆಲುಗಿನಲ್ಲಿ ನಿರೋಧಕಂ ಎಂದರೆ ರೆಸಿಸ್ಟರ್. ಕನ್ನಡದಲ್ಲಿ ವಿದ್ಯುತ್ ನಿರೋಧಕವೆಂದರೆ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡದ ವಸ್ತು: ರಬ್ಬರು, ಪಿಂಗಾಣಿ, ಒಣಮರ. ಮೊದಲನೆಯದರಲ್ಲಿ ವಿದ್ಯುತ್ ಹರಿದೇ ಹರಿಯುತ್ತದೆ; ಎರಡನೆಯದನ್ನು ನಾವು ರಕ್ಷಣೆಗೆಂದು ನಂಬುತ್ತೇವೆ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಶಾಲೆಯಲ್ಲಿ ಈ ಭೇದವನ್ನು ಬಿಡಿಸಿ ಹೇಳದಿದ್ದರೆ ಮಗು ಯಾವುದನ್ನು ಮುಟ್ಟಬಹುದೆಂದು ತಿಳಿದೀತು? ಎರಡೂ ಭಾಷೆ ಬಲ್ಲ ಶಿಕ್ಷಕರು ಮಾತ್ರ ಈ ಗೊಂದಲವನ್ನು ಮೊದಲೇ ಕಂಡು ತಡೆಯಬಲ್ಲರು.

ರೋಧಕದ ಮೈಮೇಲೆ ಬೆಲೆಯನ್ನು ಬಣ್ಣದ ಪಟ್ಟಿಗಳಲ್ಲಿ ಬರೆದಿರುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗೆ ಕ್ರಮವಾಗಿ ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಇಂಗ್ಲಿಷಿನಲ್ಲಿ ಈ ಕ್ರಮದ ಮೊದಲಕ್ಷರ ಹಿಡಿದು ಕಲಿಯುವವರಿಗೆ 'ಬಿ' ಮೂರು ಸಲ, 'ಜಿ' ಎರಡು ಸಲ ಎದುರಾಗುತ್ತವೆ. ಯಾವುದು ಯಾವ ಬಣ್ಣವೆಂದು ಬೇರೆಯಾಗಿ ನೆನಪಿಡಬೇಕು. ಕನ್ನಡದಲ್ಲಿ ಹೇಳಿ ನೋಡಿ: ಕ-ಕಂ-ಕೆ-ಕಿ, ಹಳ-ಹಸಿ, ನೀ-ನೇ, ಬೂ-ಬಿ. ನಾಲ್ಕು ಕಕಾರ, ಎರಡು ಹಕಾರ, ಎರಡು ನಕಾರ, ಎರಡು ಬಕಾರ! ಮಗ್ಗಿಯಂತೆ ಬಾಯಿಗೆ ಬರುತ್ತದೆ. ಒಂದು ಬಣ್ಣ ಇನ್ನೊಂದರೊಡನೆ ಬೆರೆಯುವುದಿಲ್ಲ. ತಾಂತ್ರಿಕ ವಿಷಯಕ್ಕೆ ಕನ್ನಡ ಒಗ್ಗದು ಎನ್ನುವವರ ಮುಂದೆ ಈ ಒಂದು ಸಾಲನ್ನು ಇಡಬಹುದು.

ನಾಲ್ಕು ಪಟ್ಟಿಗಳಿದ್ದರೆ ಮೊದಲೆರಡು ಅಂಕಿಗಳು. ಮೂರನೆಯದು ಅವುಗಳ ಮುಂದೆ ಎಷ್ಟು ಸೊನ್ನೆಯೆಂದು ಹೇಳುತ್ತದೆ. ನಾಲ್ಕನೆಯದು ಬೆಲೆ ಎಷ್ಟು ಹೆಚ್ಚುಕಡಿಮೆಯಿರಬಹುದೆಂದು ಹೇಳುತ್ತದೆ. ಚಿನ್ನದ ಬಣ್ಣವಾದರೆ ಶೇಕಡಾ 5, ಬೆಳ್ಳಿಯದಾದರೆ ಶೇಕಡಾ 10. ಹಳದಿ, ನೇರಳೆ, ಕಂದು, ಚಿನ್ನ ಇದ್ದರೆ 470 ಓಮ್. ನಿಜವಾದ ಬೆಲೆ 446.5ರಿಂದ 493.5ರ ನಡುವೆ ಎಲ್ಲಿಯಾದರೂ ಇರಬಹುದು. ಕಂದು ಪಟ್ಟಿಯನ್ನು ಕಪ್ಪೆಂದು ಓದಿ, ಹಳದಿ-ನೇರಳೆ-ಕಪ್ಪಿನ ರೋಧಕವನ್ನು ಅದರ ಬದಲು ಹಾಕಿದರೆ ಸಿಗುವುದು ಕೇವಲ 47 ಓಮ್, ಹತ್ತರಲ್ಲೊಂದು ಪಾಲು. 9 ವೋಲ್ಟಿನ ಬ್ಯಾಟರಿಯಿಂದ ಕೆಂಪು ಎಲ್‌ಇಡಿ ಬೆಳಗಿಸುವಾಗ ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಂಡರೆ ಉಳಿದ 7 ವೋಲ್ಟ್ ರೋಧಕದ ಪಾಲು. 470 ಓಮಿನಲ್ಲಿ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ, ಅದು ಸರಿ. 47 ಓಮ್ ಹಾಕಿದರೆ ಲೆಕ್ಕದ ಪ್ರಕಾರ ಪ್ರವಾಹ ಹತ್ತುಪಟ್ಟಾಗುತ್ತದೆ, ಎಲ್‌ಇಡಿ ಉಳಿಯುವುದಿಲ್ಲ. ಕೆಲವು ಮಕ್ಕಳಿಗೆ ಕೆಂಪು, ಕಂದು, ಹಸಿರುಗಳನ್ನು ಬೇರ್ಪಡಿಸುವುದು ಹುಟ್ಟಿನಿಂದಲೇ ಕಷ್ಟ. ಅದು ದಡ್ಡತನವಲ್ಲ, ಅಂಥವರಿಗೆ ಮಲ್ಟಿಮೀಟರ್ ಕೊಡಿ.

ಓಮ್ ಸರಿಯಾಗಿದ್ದರಷ್ಟೇ ಸಾಲದು, ವಾಟ್ ಕೂಡ ಸರಿಯಿರಬೇಕು. ರೋಧಕವು ತಾನು ಪಡೆದ ವಿದ್ಯುಚ್ಛಕ್ತಿಯನ್ನು ಶಾಖವಾಗಿಸುತ್ತದೆ. ಮಕ್ಕಳ ಕಿಟ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದು ಕಾಲು ವಾಟಿನದು. 12 ವೋಲ್ಟಿಗೆ 100 ಓಮಿನ ರೋಧಕವನ್ನು ನೇರವಾಗಿ ಜೋಡಿಸಿದರೆ 1.44 ವಾಟ್ ಶಾಖ ಹುಟ್ಟುತ್ತದೆ; ಅದರ ಶಕ್ತಿಗಿಂತ ಸುಮಾರು ಆರು ಪಟ್ಟು. ಕೆಲವೇ ಕ್ಷಣಗಳಲ್ಲಿ ಮುಟ್ಟಲಾಗದಷ್ಟು ಕಾದು, ಹೊಗೆಯಾಡಿ, ಕರಕಲಾಗುತ್ತದೆ. ಲೆಕ್ಕದಲ್ಲಿ ಬಂದುದಕ್ಕಿಂತ ಕನಿಷ್ಠ ಎರಡುಪಟ್ಟು ವಾಟಿನದನ್ನು ಆರಿಸುವುದು ವಾಡಿಕೆ. ವೋಲ್ಟೇಜಿಗೂ ಮಿತಿಯುಂಟು: ಕಾಲು ವಾಟಿನ ಸಾಧಾರಣ ರೋಧಕಕ್ಕೆ ಅದು 250 ವೋಲ್ಟಿನ ಆಸುಪಾಸು. ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತು ತನ್ನ ತುದಿಯಲ್ಲಿ ಸುಮಾರು 325ನ್ನು ಮುಟ್ಟುತ್ತದೆ.

ಆದ್ದರಿಂದ ಮನೆಯಲ್ಲಿ ಕೆಲವು ನಿಯಮಗಳಿರಲಿ. ಮಕ್ಕಳ ಪ್ರಯೋಗ ಬ್ಯಾಟರಿಯಿಂದ ಮಾತ್ರ, ಗೋಡೆಯ ಪ್ಲಗ್ಗಿನಿಂದಲ್ಲ. "ನಡುವೆ ರೆಸಿಸ್ಟರ್ ಇದೆ, ಶಾಕ್ ಹೊಡೆಯುವುದಿಲ್ಲ" ಎಂಬ ಮಾತನ್ನು ಎಂದಿಗೂ ಒಪ್ಪಬೇಡಿ. ರೋಧವನ್ನು ಅಳೆಯುವ ಮುನ್ನ ವಿದ್ಯುತ್ ಸಂಪರ್ಕ ತೆಗೆಯಬೇಕು. ರೋಧಕದ ಒಂದು ಕಾಲನ್ನಾದರೂ ಮಂಡಲದಿಂದ ಬಿಡಿಸಬೇಕು. ಸುಟ್ಟ ರೋಧಕದ ಜಾಗಕ್ಕೆ ಅದೇ ಓಮಿನ, ಅದೇ ಬಗೆಯ, ವಾಟಿನಲ್ಲಿ ಕಡಿಮೆಯಿಲ್ಲದ ಇನ್ನೊಂದನ್ನೇ ಹಾಕಬೇಕು. ಸುಟ್ಟದ್ದೇಕೆಂದು ಮೊದಲು ಹುಡುಕಬೇಕು. ತಂತಿಯ ತುದಿ ಕತ್ತರಿಸುವಾಗ ಕಣ್ಣಿಗೆ ಕನ್ನಡಕ, ಬೆಸುಗೆ ಹಾಕಿದ ಮೇಲೆ ಕೈಗೆ ಸೋಪು ಬೇಕು. ಬೆಸುಗೆಯ ತಂತಿಯಲ್ಲಿ ಸೀಸವಿರಬಹುದು.

ಈ ನಿಯಮಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮಗುವಿಗಿಂತ ಕನ್ನಡದಲ್ಲಿ ಕಾರಣ ಸಹಿತ ತಿಳಿದ ಮಗು ಹೆಚ್ಚು ಸುರಕ್ಷಿತ. ಪ್ಲಸ್ ವನ್‌ಗೆ ಹೋದಾಗ ಪಠ್ಯ ಇಂಗ್ಲಿಷಿನದಾಗುತ್ತದೆ ಎಂಬ ಆತಂಕ ನಿಜ. ಆದರೆ ಆಗ ಬದಲಾಗುವುದು ಹೆಸರು ಮಾತ್ರ. ರೋಧವೇನೆಂದು ಬಲ್ಲ ಮಗು 'ರೆಸಿಸ್ಟೆನ್ಸ್' ಎಂಬ ಪದವನ್ನು ಒಂದೇ ದಿನದಲ್ಲಿ ಕಲಿಯುತ್ತದೆ. ಪದವನ್ನಷ್ಟೇ ಬಲ್ಲ ಮಗುವಿಗೆ ಅರ್ಥವನ್ನು ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ.

ಸಂವಿಧಾನದ 350ಎ ವಿಧಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಓಮನ ನಿಯಮ ಬರುವುದು ಅದಾದ ಮೇಲೆ. ಎಂದರೆ ಪ್ರೌಢಶಾಲೆಯ ವಿಜ್ಞಾನಕ್ಕೆ ಕನ್ನಡ ಬಲ್ಲ ಶಿಕ್ಷಕರು ಬೇಕಾದರೆ ಪೋಷಕರಾದ ನಾವೇ ಬೆನ್ನು ಹಿಡಿಯಬೇಕು. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮೂರು ಮಾತು ಕೇಳಿ. ವಿಜ್ಞಾನ ಬೋಧಿಸುವವರಿಗೆ ಕನ್ನಡ ಬರುತ್ತದೆಯೇ? ಕಿಟ್ಟಿನ ಸುರಕ್ಷತಾ ಸೂಚನೆಗಳು ಕನ್ನಡದಲ್ಲಿವೆಯೇ? ಕನ್ನಡ, ರಾಜ್ಯಭಾಷೆ, ಇಂಗ್ಲಿಷ್ ಮೂರರಲ್ಲಿಯೂ ಬರೆದ ಪದಪಟ್ಟಿ ಪ್ರಯೋಗಶಾಲೆಯ ಗೋಡೆಯಲ್ಲಿದೆಯೇ? ಇಲ್ಲವೆಂದಾದರೆ ಮನವಿಯನ್ನು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದು ಬನ್ನಿ. ಪದಪಟ್ಟಿಗಾದರೂ ಯಾರ ಅಪ್ಪಣೆಯೂ ಬೇಡ. ಒಂದು ಡ್ರಾಯಿಂಗ್ ಹಾಳೆ ಸಾಕು, ಮಕ್ಕಳೇ ಬರೆಯುತ್ತಾರೆ.