ಸಮುದ್ರ ನೋಡಿ ಬಂದೆವು



ಹೋದ ಸಂಚಿಕೆಯಲ್ಲಿ ಹಪ್ಪಳ-ಸಂಡಿಗೆಯ ಮಾತಾಡಿದ್ದೆವು. ಈ ಸಲ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊರಗೆ ಅಡ್ಡಾಡಿ ಬರೋಣ ಬನ್ನಿ. ನಮ್ಮ ಬಳಗಾನೂರಿನ ಓಣಿಯ ಇಪ್ಪತ್ತೆರಡು ಮಂದಿ ಹೆಂಗಸರು ನಾಲ್ಕು ದಿನ ಪ್ರವಾಸ ಹೋಗಿ ಬಂದ ಸಂಗತಿ ಇದು.

"ಪ್ರವಾಸ ಹೋಗುವುದರಲ್ಲೇನು ಹೆಚ್ಚುಗಾರಿಕೆ?" ಎಂದು ಕೆಲವರು ಕೇಳಬಹುದು. ನಮ್ಮ ಕಡೆ ಹೆಂಗಸರ ಪ್ರವಾಸವೆಂದರೆ ತವರಿಗೆ ಹೋಗಿ ಬರುವುದು. ಹೆಚ್ಚೆಂದರೆ ಗುರುಗುಂಟಾ ಅಮರೇಶ್ವರನ ಜಾತ್ರೆ, ಸಿದ್ಧಪರ್ವತದ ಅಂಬಾದೇವಿ ಜಾತ್ರೆ. ಅಲ್ಲಿಯೂ ಬುತ್ತಿ ಬಿಚ್ಚಿ ಬಡಿಸುವವರು ನಾವೇ. ಒಂದು ದಿನ ಸಂಘದ ಸಭೆ ಮುಗಿದ ಮೇಲೆ, "ನಮ್ಮಲ್ಲಿ ಸಮುದ್ರ ನೋಡಿದವರು ಎಷ್ಟು ಮಂದಿ ಇದ್ದೀರಿ?" ಎಂದು ಕೇಳಿದೆ. ಮೂರೇ ಮೂರು ಕೈ ಮೇಲೆದ್ದವು. ಒಬ್ಬಾಕೆ, "ಸಮುದ್ರ ಅಂದ್ರ ನಮ್ಮ ಕಾಲುವಿ ನಾಕು ಕೂಡಿದಷ್ಟು ಇರ್ತೈತೇನ್ರೀ?" ಎಂದಳು. ಎಲ್ಲರೂ ನಕ್ಕೆವು. ಮನೆಗೆ ಬಂದ ಮೇಲೆ ಆ ಮಾತು ನನ್ನ ಮನಸ್ಸಿನಲ್ಲಿ ಕೊರೆಯತೊಡಗಿತು. ಎಪ್ಪತ್ತು ತುಂಬಿದ ನಮ್ಮ ಅತ್ತೆಯವರೂ ಸಮುದ್ರವನ್ನು ಕಂಡದ್ದು ಟೀವಿಯಲ್ಲಿ ಮಾತ್ರ.

ಮೊದಲು ಹಣದ ಮಾತು. ಸಂಘದ ಉಳಿತಾಯಕ್ಕೆ ಕೈ ಹಚ್ಚದೆ, ಪ್ರವಾಸಕ್ಕೆಂದೇ ವಾರಕ್ಕೆ 60 ರೂಪಾಯಿ ಬೇರೆ ತೆಗೆದಿಟ್ಟೆವು. ವರ್ಷಕ್ಕೆ ತಲೆಗೆ 3,120 ರೂಪಾಯಿ ಕೂಡಿತು. ಮುದುಕರಿಗೆ ಬಸ್ಸು ಬದಲಿಸುವ ತ್ರಾಸು ಬೇಡವೆಂದು ಮಿನಿ ಬಸ್ಸು ಗೊತ್ತು ಮಾಡಿದೆವು. ನೀವು ನಾಲ್ಕೈದು ಮಂದಿಯೇ ಆಗಿದ್ದರೆ ಸರ್ಕಾರಿ ಬಸ್ಸಿನಲ್ಲಿಯೇ ಹೋಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಮತದಾರರ ಚೀಟಿ ಕೈಯಲ್ಲಿರಲಿ. ರಾಜಹಂಸ, ಎ.ಸಿ., ಮಲಗುವ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಗುಂಪಿಗೆಂದು ಬಾಡಿಗೆಗೆ ಹಿಡಿದ ಬಸ್ಸಿಗೂ ಇಲ್ಲ.

ಹಣ ಕೂಡಿತು, ಅಪ್ಪಣೆ ಕೂಡಬೇಕಲ್ಲ! ಮನೆಮನೆಯಲ್ಲೂ ಒಂದೇ ಪ್ರಶ್ನೆ: "ನಾಕು ದಿನ ಅಡಿಗಿ ಯಾರು ಮಾಡಬೇಕು?" ನಮ್ಮ ಮನೆಯಲ್ಲಿ ಅದಕ್ಕೆ ಉತ್ತರ ಕೊಟ್ಟವರು ಅತ್ತೆಯವರೇ. "ಅವರ ಮಾಡ್ಕೊಂಡು ಉಣ್ಲಿ ಬಿಡವ್ವಾ. ಅನ್ನಕ್ಕ ಎಸರು ಇಡಾಕ ಬರಲಾರದಷ್ಟು ಸಣ್ಣವರೇನಲ್ಲ" ಎಂದರು. ಮಗನ ಎದುರಿಗೇ ಅಂದರು ನೋಡಿ, ಇವರು ಮರುಮಾತಾಡಲಿಲ್ಲ.

ಆದರೂ ಹಣ ಕೂಡಿಸಿದ್ದು ಇಪ್ಪತ್ಮೂರು ಮಂದಿ, ಹೊರಟದ್ದು ಇಪ್ಪತ್ತೆರಡು. ಉಳಿದವಳ ಮಾತು ಕೊನೆಗೆ ಹೇಳುತ್ತೇನೆ.

ಊರಿನ ತಿಳಿದವರೊಬ್ಬರು ನಾಲ್ಕು ದಿನಕ್ಕೆ ಹದಿನಾಲ್ಕು ಊರುಗಳ ಪಟ್ಟಿ ಬರೆದುಕೊಟ್ಟಿದ್ದರು. ಅದನ್ನು ನಾವು ಆರಕ್ಕೆ ಇಳಿಸಿದೆವು. ನೀವೂ ಹೀಗೇ ಮಾಡಿ. "ಅದನ್ನೂ ನೋಡಿದೆವು, ಇದನ್ನೂ ನೋಡಿದೆವು" ಎಂದು ಹೇಳಿಕೊಳ್ಳಲು ಓಡಾಡಿದರೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಬಸ್ಸಿನ ಸೀಟು ಮಾತ್ರ.

ಬುತ್ತಿಗೆ ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿ, ಗುರೆಳ್ಳು ಪುಡಿ, ಒಗ್ಗರಣೆ ಚುರುಮುರಿ, ಶೇಂಗಾ ಹೋಳಿಗೆ. ಹೋಳಿಗೆ ಹೀಗೆ ಮಾಡಿ: ಎರಡು ಬಟ್ಟಲು ಶೇಂಗಾ ಹದವಾಗಿ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿ. ಎರಡು ಚಮಚ ಹುರಿದ ಎಳ್ಳು, ಒಂದೂವರೆ ಬಟ್ಟಲು ಬೆಲ್ಲ, ಏಲಕ್ಕಿ ಸೇರಿಸಿ ಕುಟ್ಟಿ. ನೀರು ಚಿಮುಕಿಸಿದಷ್ಟೇ ಹಾಕಿ ಉಂಡೆ ಕಟ್ಟಿ. ನೀರು ಹೆಚ್ಚಾದರೆ ಹೋಳಿಗೆ ಬೇಗ ಕೆಡುತ್ತದೆ. ಗೋಧಿ ಹಿಟ್ಟಿಗೆ ಹಿಡಿ ಚಿರೋಟಿ ರವೆ, ಸ್ವಲ್ಪ ಎಣ್ಣೆ ಹಾಕಿ ಗಟ್ಟಿ ಕಣಕ ನಾದಿ, ಅರ್ಧ ತಾಸು ನೆನೆಯಲು ಬಿಡಿ. ಉಂಡೆ ತುಂಬಿ ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಒಂದು ವಾರ ಧಾರಾಳವಾಗಿ ಇರುತ್ತದೆ.

ಇನ್ನೊಂದು ಮಾತು, ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ. ದಾರಿಯಲ್ಲಿ ಶೌಚಕ್ಕೆ ಜಾಗ ಸಿಕ್ಕೀತೋ ಇಲ್ಲವೋ ಎಂದು ನಾವು ನೀರೇ ಕುಡಿಯುವುದಿಲ್ಲ. ಆಮೇಲೆ ತಲೆಶೂಲೆ, ಉರಿಮೂತ್ರ. ಎರಡೆರಡು ತಾಸಿಗೆ ಬಸ್ ನಿಲ್ದಾಣದಲ್ಲೋ ಪೆಟ್ರೋಲ್ ಬಂಕಿನಲ್ಲೋ ನಿಲ್ಲಿಸಬೇಕೆಂದು ಡ್ರೈವರಿಗೆ ಹೊರಡುವ ಮುಂಚೆಯೇ ಹೇಳಿಡಿ. ತಿಂಗಳ ದಿನ ಮುಂದೂಡಲು ಅವರಿವರು ಕೊಟ್ಟ ಗುಳಿಗೆ ನುಂಗಬೇಡಿ. ಬೇಕೇಬೇಕೆಂದರೆ ವೈದ್ಯರನ್ನು ಕೇಳಿ. ಬಟ್ಟೆಯೋ ಪ್ಯಾಡೋ ಚೀಲದಲ್ಲಿರಲಿ.

ಭತ್ತದ ರಾಶಿ ಮುಗಿದ ಮೇಲೆ ಒಂದು ಬೆಳಗಿನ ಜಾವ ಹೊರಟೆವು. ಮೊದಲು ನಿಂತದ್ದು ನಮ್ಮ ಮಸ್ಕಿಯಲ್ಲೇ. ಸಂತೆಗೆ, ಆಸ್ಪತ್ರೆಗೆ ಎಷ್ಟು ಸಲ ಹೋಗಿದ್ದೇವೋ, ಆ ಗುಡ್ಡದ ಬಂಡೆಯನ್ನು ಮಾತ್ರ ನಮ್ಮಲ್ಲಿ ಹೆಚ್ಚಿನವರು ನೋಡಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಂಡುಹಿಡಿದ ಶಾಸನವದು. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿದ್ದವೇ ಹೊರತು ಅರಸನ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಆ ಬಿರುದುಗಳ ಅರಸ ಯಾರೆಂಬುದು ಗಟ್ಟಿಯಾಯಿತು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಪ್ರಯತ್ನ ಮಾಡಿದರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಅದನ್ನು ಹೇಳಿದಾಗ ಅತ್ತೆಯವರು, "ಇಷ್ಟು ಹತ್ತಿರ ಬರದು ಇಟ್ಟಾನ, ನಮಗ ಯಾರೂ ಓದಿ ಹೇಳಿರಲಿಲ್ಲ ನೋಡು" ಎಂದರು. ಸೋದರಿಯರೇ, ನಿಮ್ಮ ಊರಿನ ಮಗ್ಗುಲಲ್ಲೂ ಇಂಥದೇನಾದರೂ ಇದ್ದೀತು. ಪ್ರವಾಸವನ್ನು ಅಲ್ಲಿಂದಲೇ ಶುರು ಮಾಡಿ.

ಇಳಕಲ್ಲಿನ ಮೇಲೆ ಹಾಯ್ದು ಐಹೊಳೆ, ಅಲ್ಲಿಂದ ಪಟ್ಟದಕಲ್ಲು. ಐಹೊಳೆಯ ದುರ್ಗಾ ಗುಡಿಗೆ ಆ ಹೆಸರು ದೇವಿಯಿಂದ ಬಂದದ್ದಲ್ಲ, ದುರ್ಗ ಅಂದರೆ ಕೋಟೆಯಿಂದ ಬಂದದ್ದು ಎಂದು ಅಲ್ಲೇ ಗೊತ್ತಾಯಿತು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ನಾವು ಹೆಚ್ಚು ಹೊತ್ತು ಕುಳಿತದ್ದು ಅಕ್ಕಪಕ್ಕದ ಎರಡು ಗುಡಿಗಳ ಎದುರಿಗೆ. 8ನೆಯ ಶತಮಾನದಲ್ಲಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ವಿರೂಪಾಕ್ಷ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯದು. ತಂಗಿಯೂ ಅದೇ ಅರಸನ ರಾಣಿ. "ಅಕ್ಕ-ತಂಗಿ ಸವತಿಯರಾದ್ರೂ ಗುಡಿ ಕಟ್ಟಿಸೋದರಾಗ ಜಿದ್ದು ಚಲೋನ ಬಿದ್ದಾರ" ಎಂದು ನಮ್ಮ ಗುಂಪಿನ ಒಬ್ಬಾಕೆ ಎಂದಾಗ ಬಂದ ನಗೆ ಬಾದಾಮಿಯವರೆಗೂ ನಿಲ್ಲಲಿಲ್ಲ.

ಬಾದಾಮಿಯಲ್ಲಿ ರಾತ್ರಿ ಉಳಿದು, ಬಿಸಿಲೇರುವ ಮುಂಚೆ ಗವಿಗಳ ಮೆಟ್ಟಿಲು ಹತ್ತಿದೆವು. ನಾಲ್ಕು ಗವಿಗಳಲ್ಲಿ ಮೂರನೆಯದು ದೊಡ್ಡದು. ಅಲ್ಲಿ 578ನೆಯ ಇಸವಿಯ ಮಂಗಲೇಶನ ಶಾಸನವಿದೆ. ಮಂಗಗಳ ಬಗ್ಗೆ ಎಚ್ಚರ! ಚೀಲ ಕಂಡರೆ ಬಿಡುವುದಿಲ್ಲ. ತಿನ್ನುವ ಸಾಮಾನು ಬಸ್ಸಿನಲ್ಲೇ ಇಟ್ಟು ಹೋಗಿ. ಮೊಣಕಾಲು ನೋವಿನವರು ಮೊದಲನೆಯ ಗವಿ ನೋಡಿ ಕೂತರೂ ಸಾಕು, ಅಗಸ್ತ್ಯ ತೀರ್ಥದ ಕೆರೆ ಅಲ್ಲಿಂದಲೇ ಕಾಣುತ್ತದೆ.

ಅಂದೇ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು, ಅಂಕೋಲೆಯ ಮೇಲೆ ರಾತ್ರಿಗೆ ಗೋಕರ್ಣ ಮುಟ್ಟಿದೆವು. ಮರುದಿನ ಕೋಟಿತೀರ್ಥ ನೋಡಿ, ಮಹಾಬಲೇಶ್ವರನ ದರ್ಶನ ಮುಗಿಸಿ ದಂಡೆಗೆ ನಡೆದೆವು. ಯಾರೂ ಮಾತಾಡಲಿಲ್ಲ. ಅತ್ತೆಯವರು ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು, ಉಗುಳಿ, "ಇಷ್ಟು ನೀರು ಐತಿ, ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲ!" ಎಂದರು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಹತ್ತದೆ ರಾತ್ರಿಯೆಲ್ಲ ಕಾದ ಮನೆತನ ನಮ್ಮದು. ಅವರ ಹೊಟ್ಟೆಸಂಕಟ ನನಗೆ ತಿಳಿಯಿತು.

ಅಲ್ಲೇ ನಾನು ಒಂದು ತಪ್ಪು ಮಾಡಿದೆ. ನೀರು ಪಾದ ಮುಳುಗುವಷ್ಟೇ ಇತ್ತು. ಹೊಸದಾಗಿ ನಮ್ಮ ಓಣಿಗೆ ಬಂದ ಸೊಸೆಯೊಬ್ಬಳ ಫೋಟೊ ತೆಗೆಯುತ್ತ, "ಇನ್ನೊಂದು ಹೆಜ್ಜೆ ಹಿಂದಕ್ಕ ಸರಿ" ಎಂದೆ. ಹುಡುಗಿ ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದಳು. ಬಂದ ತೆರೆ ಸೊಂಟದವರೆಗೆ ಏರಿತು. ಹಿಂದಿರುಗುವಾಗ ಕಾಲ ಕೆಳಗಿನ ಉಸುಕನ್ನೇ ಎಳೆಯಿತು. ಬಿದ್ದಳು. ತೊಯ್ದ ಸೀರೆ ಕಾಲಿಗೆ ಸುತ್ತಿಕೊಂಡಿತು. ಪಕ್ಕದಲ್ಲಿದ್ದ ಇಬ್ಬರು ಆಕೆಯ ಕೈ, ಸೆರಗು ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ! ದಂಡೆಗೆ ಬಂದ ಮೇಲೆ ಆಕೆ ಅತ್ತಳು, ನಾನೂ ಅತ್ತೆ. ಫೋನು ಚೀಲಕ್ಕೆ ಹಾಕಿದವಳು ಆ ದಿನ ಮತ್ತೆ ತೆಗೆಯಲಿಲ್ಲ.

ಈ ಮಾತನ್ನು ಕತ್ತರಿಸಿ ಇಟ್ಟುಕೊಳ್ಳಿ ಸೋದರಿಯರೇ, ಮಕ್ಕಳಿಗೂ ಓದಿ ಹೇಳಿ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅವರೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು. ಕೆರೆ, ಬಾವಿ, ಕಾಲುವೆ ಕಂಡ ನಮಗೆ ಸಮುದ್ರದ ಗುಣ ತಿಳಿಯದು. ದಂಡೆಗೆ ಬಂದ ನೀರು ಹಿಂದಿರುಗಬೇಕಲ್ಲ? ಅದು ಒಂದೊಂದು ಕಡೆ ಕಾಲುವೆಯ ಹಾಗೆ ದಾರಿ ಮಾಡಿಕೊಂಡು ಒಳಕ್ಕೆ ಓಡುತ್ತದೆ. ಅಲ್ಲಿ ತೆರೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. "ಇಲ್ಲಿ ಅಲೆಯಿಲ್ಲ, ಇಲ್ಲೇ ಇಳಿಯೋಣ" ಎಂದು ನಾವು ಆರಿಸಿಕೊಳ್ಳುವ ಜಾಗವೇ ಸೆಳವಿನ ಜಾಗ.

ಆದ್ದರಿಂದ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಬೇಡಿ. ಸಮುದ್ರಕ್ಕೆ ಬೆನ್ನು ಕೊಡಬೇಡಿ. ಒಬ್ಬರ ಕೈ ಒಬ್ಬರು ಹಿಡಿದಿರಿ. ಇಬ್ಬರು ದಂಡೆಯಲ್ಲಿ ನಿಂತು ಎಣಿಸುತ್ತಿರಲಿ. ಕೆಂಪು ಬಾವುಟವಿದ್ದರೆ, ಕಾವಲಿನವರು ಬೇಡವೆಂದರೆ ಇಳಿಯಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ, ದೂರದಿಂದ ನೋಡಿದರೆ ಸಾಕು. ಯಾರಾದರೂ ಸಿಕ್ಕಿಕೊಂಡರೆ ಈಜು ಬಾರದವರು ಹಿಂದೆ ಹಾರಬೇಡಿ. ಖಾಲಿ ಪ್ಲಾಸ್ಟಿಕ್ ಕೊಡವನ್ನೋ ಹಗ್ಗವನ್ನೋ ಎಸೆದು, ಕಾವಲಿನವರನ್ನು ಕೂಗಿ, 112ಕ್ಕೆ ಫೋನು ಮಾಡಿ. ಸೆಳವಿಗೆ ಸಿಕ್ಕವರು ಅದಕ್ಕೆ ಎದುರಾಗಿ ಗುದ್ದಾಡಿದರೆ ಸೋಲುತ್ತಾರೆ. ತೇಲುತ್ತ, ದಂಡೆಗುಂಟ ಪಕ್ಕಕ್ಕೆ ಸರಿದರೆ ಸೆಳವಿನಿಂದ ಹೊರಬರಲು ದಾರಿಯಿದೆ.

ಮಧ್ಯಾಹ್ನ ಕುಮಟೆಯ ಹತ್ತಿರದ ಮಿರ್ಜಾನ ಕೋಟೆಗೆ ಹೋದೆವು. ಚಿರೆಕಲ್ಲಿನ ಗೋಡೆ, ಹಸಿರು ಹುಲ್ಲು, ಗಾಳಿ. ಹುಡುಗಿಯ ನಡುಕ ಇಳಿದದ್ದು ಅಲ್ಲೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಕೂಡಿಕೊಂಡ ಕೋಟೆಯಿದು. 1552ರಿಂದ 1606ರವರೆಗೆ, 54 ವರ್ಷ ಆಳಿದಳಂತೆ. ಮೆಣಸಿನ ವ್ಯಾಪಾರ ಆಕೆಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು 'ಕಾಳುಮೆಣಸಿನ ರಾಣಿ' ಎಂದೇ ಕರೆದರು. ನಾವು ಒಗ್ಗರಣೆ ಡಬ್ಬಿಯಲ್ಲಿ ಇಟ್ಟುಕೊಳ್ಳುವ ಮೆಣಸಿಗಾಗಿ ಹಡಗುಗಳು ಸಮುದ್ರ ದಾಟಿ ಬರುತ್ತಿದ್ದವು ಎಂದರೆ ನಮ್ಮವರಿಗೆ ಆಶ್ಚರ್ಯವೋ ಆಶ್ಚರ್ಯ.

ನಾಲ್ಕನೆಯ ದಿನ ಮುರುಡೇಶ್ವರ. 123 ಅಡಿಯ ಶಿವನ ಮೂರ್ತಿ. 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇರುವುದರಿಂದ ಮೊಣಕಾಲು ನೋವಿನವರೂ ಮೇಲೇರಿ ಸಮುದ್ರ ನೋಡಿದರು. ಅಂದು ಯಾರೂ ನೀರಿಗೆ ಇಳಿಯಲಿಲ್ಲ. ಅಲ್ಲಿಂದ ಹೊರಟವರು ಊರು ಮುಟ್ಟಿದಾಗ ನಡುರಾತ್ರಿ ದಾಟಿತ್ತು.

ಮನೆ ಹೇಗಿತ್ತು ಅಂತೀರಾ? ನಿಂತೇ ಇತ್ತು! ಒಲೆಯ ಮೇಲೆ ಹಾಲು ಉಕ್ಕಿದ ಕಲೆ, ಮೂಲೆಯಲ್ಲಿ ತೊಳೆಯದ ಪಾತ್ರೆಯ ರಾಶಿ. ಆದರೆ ಮಗ ಮೂರು ಬಗೆಯ ಸಾರು ಕಲಿತಿದ್ದ.

ಇನ್ನು ಇಪ್ಪತ್ಮೂರನೆಯವಳ ಮಾತು. ಆಕೆಯ ಮಾವ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಹೊರಡುವ ಹಿಂದಿನ ದಿನ ಅವರಿಗೆ ಜ್ವರ ಬಂತು. ಆಕೆ ಬಂದು, "ನನ್ನ ರೊಕ್ಕ ವಾಪಸ್ ಬ್ಯಾಡ, ಚಾ ಕುಡೀರಿ" ಎಂದು ಹೇಳಿ ಹೋದಳು. ನಾವೂ ಅಯ್ಯೋ ಪಾಪ ಎಂದೆವು, ಬಸ್ಸು ಹತ್ತಿದೆವು. ಇಪ್ಪತ್ತೆರಡು ಮಂದಿಯಲ್ಲಿ ಒಬ್ಬರಿಗಾದರೂ "ನಾನು ಉಳಿಯುತ್ತೇನೆ, ನೀನು ಹೋಗು" ಎನ್ನಲು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮರುದಿನ ಅತ್ತೆಯವರು ಬಾಟಲಿಯಲ್ಲಿ ತಂದಿದ್ದ ಸಮುದ್ರದ ನೀರನ್ನೂ ನಾಲ್ಕು ಚಿಪ್ಪುಗಳನ್ನೂ ಆಕೆಗೆ ಕೊಟ್ಟರು. ಆಕೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, "ಖರೇನ ಉಪ್ಪು ಐತಿ!" ಎಂದು ನಕ್ಕಳು. ನನಗೆ ನಗಲು ಆಗಲಿಲ್ಲ.

ಆಕೆಯ ಹಣವನ್ನು ಆ ವಾರವೇ ಲೆಕ್ಕ ಮಾಡಿ ಹಿಂದಿರುಗಿಸಿದೆವು. ಮುಂದಿನ ವರ್ಷ ಎಲ್ಲಿಗೇ ಹೋಗಲಿ, ಮೊದಲ ಸೀಟು ಆಕೆಯದು. ಆ ನಾಲ್ಕು ದಿನ ಮಾವನವರಿಗೆ ಗಂಜಿ, ಔಷಧ ನೋಡಿಕೊಳ್ಳಲು ನಾಲ್ಕು ಮಂದಿ ಪಾಳಿ ಹಚ್ಚಿಕೊಂಡಿದ್ದೇವೆ. ಈಗಿನಿಂದಲೇ ವಾರಕ್ಕೊಂದು ಹೊತ್ತು ಹೋಗಿ ಅವರ ಪಥ್ಯ, ಅಭ್ಯಾಸ ತಿಳಿದುಕೊಳ್ಳುತ್ತಿದ್ದೇವೆ. ಮೊದಲ ಪಾಳಿ ನನ್ನದು.

ನಿಮ್ಮ ಸಂಘದವರೂ ಪ್ರವಾಸ ಹೋಗಿ, ಖಂಡಿತ ಹೋಗಿ. ಹೊರಡುವ ಮುನ್ನ ಪಟ್ಟಿಯಲ್ಲಿ ಯಾರ ಹೆಸರಿಲ್ಲ, ಏಕಿಲ್ಲ ಎಂದು ಒಮ್ಮೆ ನೋಡಿರಿ. ಹೋಗಿ ಬಂದ ಮೇಲೆ ಕಾಗದ ಬರೆಯುತ್ತೀರಲ್ಲ?

ಮುಂದಿನ ಹದಿನೈದು ದಿನಕ್ಕೆ ಮತ್ತೆ ಭೇಟಿಯಾಗೋಣ.